ಕೊಸರು

ಬಾಗಿಲದಾಗ ಒಂದು ತಾಮ್ರದ ತಗಡು.
ಒಳಗ ಹೋಗೂಕಿಂತ ಮೊದಲು ಅಂಗೈಲೆ ಮುಟ್ಟಬೇಕು,
ಮೈಯಾಗಿನ ಕಿಡಿ ಭೂಮಿಗೆ ಇಳೀಬೇಕು.
ಹೇರ್‌ಪಿನ್ನು, ಬಳಿ, ತಾಳಿ, ಕಾಲುಂಗುರ
ಎಲ್ಲಾ ಬಿಚ್ಚಿ ಡಬ್ಬಿಗೆ. ಡಬ್ಬಿಗೊಂದು ನಂಬರು.
ನನ್ನದು ನಲವತ್ತೊಂದು.
ಹತ್ತೊಂಬತ್ತು ವರ್ಷ ಆತು, ಖಡಕಿಯ ಈ ಶೆಡ್ಡಿನಾಗ
ನಾ ಮದ್ದು ತೂಗತೀನಿ.

ಇಲ್ಲಿ ಕೊಸರು ಇಲ್ಲ.
ಗಾಜಿನ ಪೆಟ್ಟಿಗಿಯೊಳಗ ತಕ್ಕಡಿ,
ಉಸಿರು ತಾಗಿದರೂ ಮುಳ್ಳು ಅಲಗತೈತಿ.
ಚಿಟಿಕಿ ಹೆಚ್ಚಾದರ ತೆಗಿ, ಕಾಳು ಕಡಿಮ್ಯಾದರ ಹಾಕು.
ಬಂಗಾರದಂಗಡ್ಯಾಗೂ ಇಷ್ಟು ಖಡಕ್ ಇಲ್ಲ ಅಂತಾರ ಪಾನ್ಸೆ ಸಾಹೇಬರು.

ಈ ವಾರ ಡಬಲ್ ಶಿಫ್ಟು.
ಟಿವಿಯಾಗ ಆ ಕಣಿವಿ ತೋರಸಾಕತ್ತಾರ:
ಸಾಲಿಯ ಗ್ವಾಡಿಮ್ಯಾಲ ಅವರು ಬರದ ಕರೀ ಅಕ್ಷರ,
ಬಸ್ಸಿನಿಂದ ಇಳಿಸಿ ನಿಲ್ಲಿಸಿದ ಹನ್ನೊಂದು ಮಂದಿ ಮಾಸ್ತರು.
ಆಮ್ಯಾಲಿಂದು ತೋರಸಲಿಲ್ಲ.
ದಂಡು ಕಳಸೂದೋ ಬ್ಯಾಡೋ ಅಂತ ದೊಡ್ಡವರು ಇನ್ನೂ ಮಾತಾಡಾಕತ್ತಾರಂತ.
ಇಲ್ಲಿ ಪೆಟ್ಟಿಗಿ ಆಗಲೇ ಲಾರಿ ಏರ್ಯಾವು.

ಊಟದ ಹೊತ್ತಿಗೆ ಅದೇ ಜಗಳ.
ಸುಲಭಾ ನಿಕಮ್ ಅಂದಳು: ಸುಟ್ಟ ಬಿಡಬೇಕು, ಬೇರು ಸಮೇತ.
ಮುಸಳೆ ಕಾಕಾ, ಮೊದಲು ದಂಡಿನಾಗಿದ್ದವ,
ಎಡಗೈಯಾಗ ಎರಡು ಬೆರಳಿಲ್ಲ,
ಚಪಾತಿ ಸುತಗೋತ ಅಂದ:
ಬೇರು ಅಂತೀ. ನಾ ಅಗದು ನೋಡೇನಿ ತಾಯಿ.
ಒಂದು ಮನಿ ಸುಟ್ಟಲ್ಲಿ ಮರುವರ್ಷ
ಮೂರು ಹುಡುಗರು ಬಂದೂಕ ಹಿಡದಿದ್ದರು.
ಹಂಗಾದ್ರ ಬಿಟ್ಟ ಬಿಡೂದೇನು? ಆ ಮಾಸ್ತರು?
ಕಾಕಾ ಉಪ್ಪಿನಕಾಯಿ ಕೇಳಿದ. ಅಷ್ಟ.

ನನ್ನ ಕಡೆ ನೋಡಿದರು. ನಾ ನೀರು ಕುಡದೆ.

ನನ್ನ ತಂಗಿ ಗುರುಬಸವ್ವ.
ಸ್ಟೇಷನ್ನಿನ ಹೊರಗ, ಸೈಕಲ್ಲಿಗೆ ಕಟ್ಟಿದ ಒಂದು ಟಿಫಿನ್ ಡಬ್ಬಿ.
ಸಸೂನ್ ದವಾಖಾನಿಯಾಗ
ಕಾಲುಂಗುರದ ಮ್ಯಾಲ ಗುರುತು ಹಿಡದು ಸಹಿ ಮಾಡೇನಿ.
ಆ ಡಬ್ಬಿಯಾಗಿಂದೂ ಯಾರೋ ಕುಂತು ತೂಗಿರಬೇಕು.
ಅವನ ಕೈ ನಡಗಿತ್ತೋ ಇಲ್ಲೋ.
ಆ ವರ್ಷ ಪೂರ್ತಿ ಅಕಿ ಹೆಸರು ಹೇಳಿ ಹೇಳಿ ಶೆಲ್ಲು ತುಂಬಿದೆ,
ಹೋಗು, ಹುಡುಕು ಅಂದೆ,
ಅದಕ್ಕ ಕನ್ನಡ ತಿಳಿಯೂವಂಗ.

ನಿನ್ನೆ ಟಿವಿಯಾಗ, ಆ ಗುಡ್ಡದ ಬುಡಕ್ಕ,
ಒಬ್ಬಾಕಿ ಎಮ್ಮಿ ಹೊಡಕೊಂಡು ಹೊಂಟಿದ್ದಳು.
ಹಿಂದ ಒಂದು ಕುಂಟ ನಾಯಿ.
ಅಕೀ ಕಾಲಬೆರಳಾಗ ಏನಿತ್ತೋ,
ಕ್ಯಾಮರಾ ಅಷ್ಟು ಹತ್ತರ ಹೋಗಲಿಲ್ಲ.

ಇವತ್ತ ಮಧ್ಯಾಹ್ನ ಕೈ ನಿಂತಿತು.
ಒಂದು ಚಮಚಾ ಕಡಿಮಿ ಹಾಕಿದರ?
ಗುಡ್ಡ ಮುಟ್ಟೂದಿಲ್ಲ.
ಮುಟ್ಟಲಿಲ್ಲ ಅಂತ ಗಾಳಿಯಾಗ ಕರಗತೈತೇನು?
ಈಚಿ ಬೀಳತೈತಿ, ಎಮ್ಮಿ ಹೊಂಟ ದಾರಿಮ್ಯಾಲ.
ಹೆಚ್ಚು ಹಾಕಿದರ ಆಚಿ ಊರು,
ಇಲ್ಲಾ ತೋಪಿನ ಬಾಯಾಗ ಸಿಡದು
ನಮ್ಮ ಹುಡುಗರ ಮಾರಿ.
ತೂಗದ ಎದ್ದು ಹೋದರ
ನನ್ನ ಸ್ಟೂಲಿಗೆ ಸುಲಭಾ ಬರತಾಳ;
ಯಾರೂ ಬರಲಿಲ್ಲ ಅಂದರ
ಆ ಗ್ವಾಡಿಗೆ ಹನ್ನೆರಡನೇ ಮಾಸ್ತರ ಬಂದು ನಿಲ್ಲತಾನ.
ಸರಿಯಾಗಿ ತೂಗಿದ್ದೂ ಸರಿಯಾದವನ ಮ್ಯಾಲ ಬೀಳತೈತಿ ಅಂತ
ಪಾನ್ಸೆ ಸಾಹೇಬರು ಯಾವ ಕಾಗದದಾಗೂ ಬರದುಕೊಟ್ಟಿಲ್ಲ.

ಮುಳ್ಳು ನಡುವ ಬರೂತನಕ ಕಾದೆ.
ಬಂತು.
ಮುಚ್ಚಳ ತಿರುವಿದೆ. ಮುಂದಿಂದು.

ಸಂಜಿಗೆ ನಲವತ್ತೊಂದರ ಡಬ್ಬಿ.
ಬೆರಳು ಬಾತಿದ್ದವು, ಉಂಗುರ ಏರವಲ್ಲವು.
ಖಡಕಿ ಬಜಾರದಾಗ ಬಟಾಣಿ ಮಾರೂ ಮುದುಕಿ,
ಅಕೀ ತಕ್ಕಡಿಯ ಒಂದು ತಾಟಿಗೆ ಕಲ್ಲು ಕಟ್ಟಿ ಸಮಾ ಮಾಡ್ಯಾಳ.
ಅರ್ಧ ಕಿಲೋ ತೂಗಿ,
ಆಮ್ಯಾಲ, ಬ್ಯಾರೆ ಕಡೆ ನೋಡಕೋತ,
ಒಂದು ಹಿಡಿ ಮ್ಯಾಲ ಹಾಕಿದಳು.
ಬ್ಯಾಡ, ಲೆಕ್ಕ ತಪ್ಪತೈತಿ ಅಂದೆ.
ತಪ್ಪಲಿ ಬಿಡು ಅಂದಳು.

ಚೀಲ ಹಿಡದು ಬಸ್ಸಿಗೆ ನಿಂತೆ.
ಆ ಹಿಡಿ ಎಷ್ಟು ಗ್ರಾಂ ಅಂತ
ಕೈಗೆ ಗೊತ್ತಿತ್ತು.